ಹೊಲಿಗೆಯಿಲ್ಲದ ಬಟ್ಟೆ

ರೋಮ್ ಸಾಮ್ರಾಜ್ಯದಲ್ಲಿ ಜಿಪ್ ಇರಲಿಲ್ಲ. ಇದನ್ನು ಇಜ್ಜಾ ಪುಸ್ತಕ ಓದಿ ತಿಳಿದವಳಲ್ಲ, ಇಪ್ಪತ್ತು ವರ್ಷ ಹಳೇ ಬಟ್ಟೆಗಳ ಜಿಪ್ಪು ಬಿಚ್ಚಿ ಬಿಚ್ಚಿ ತಿಳಿದವಳು. ಫರೋಹನ ಆಸ್ಥಾನದಲ್ಲಿ ಯಾರ ಅಂಗಿಗೂ ಪ್ಲಾಸ್ಟಿಕ್ ಗುಂಡಿ ಇರಲಿಲ್ಲ. ಹಳೇ ಕಾಲದ ಯಾವ ರಾಜನ ಸೊಂಟಕ್ಕೂ ಎಲಾಸ್ಟಿಕ್ ಇರಲಿಲ್ಲ. ಇಷ್ಟು ಚರಿತ್ರೆ ಗೊತ್ತಿದ್ದರೆ ನಮ್ಮ ವರ್ಜಾಜಾತಿನಲ್ಲಿ ಹೊಟ್ಟೆ ಹೊರೆಯಬಹುದು. ಊರ ಹೊರಗಿನ ಬಯಲಲ್ಲಿ ಸಿನಿಮಾದವರು ಗಾರೆ ಹಲಗೆಗಳಲ್ಲಿ ಕಟ್ಟಿಸಿಟ್ಟ ರೋಮ್ ಇದೆ, ಅದರ ಬೆನ್ನಿಗೇ ಈಜಿಪ್ಟ್ ಇದೆ, ಎರಡರ ನಡುವೆ ಮೇಕೆಗಳು ಮೇಯುತ್ತವೆ. ಅಲ್ಲಿ ಓಡಾಡುವವರಿಗೆಲ್ಲ ಬಟ್ಟೆ ಬೇಕಲ್ಲ.

ಬಟ್ಟೆ ಬರುವುದು ಸಮುದ್ರದಾಚೆಯಿಂದ. ಅಲ್ಲಿನವರು ಉಟ್ಟು ಬಿಟ್ಟದ್ದು ಮೂಟೆ ಮೂಟೆಯಾಗಿ ಹಡಗೇರಿ, ಲಾರಿಯೇರಿ, ಬೆಟ್ಟ ದಾಟಿ, ಭಾನುವಾರದ ಸಂತೆಯಲ್ಲಿ ಹಳೇ ಬಟ್ಟೆ ಮಾರುವ ಜಿಲಾಲಿ ಹಾಸಿದ ತಾಡಪಾಲಿನ ಮೇಲೆ ಬಂದು ಬೀಳುತ್ತದೆ. ಇಜ್ಜಾ ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೈಯಾಡಿಸುತ್ತಾಳೆ. ಮಿಲಿಟರಿ ಕಂಬಳಿ ಸಿಕ್ಕಿದರೆ ಅದು ರೋಮನ್ ಸಿಪಾಯಿಯ ಹೊದಿಕೆ. ಯಾರದೋ ನಡುಮನೆಯ ಮಖಮಲ್ಲಿನ ಪರದೆ ರಾಣಿಯ ನಿಲುವಂಗಿ. ಹಳೇ ಚರ್ಮದ ಕೈಚೀಲ ಬಿಚ್ಚಿ ಕತ್ತರಿಸಿದರೆ ಎದೆಕವಚದ ಪಟ್ಟಿ. ದಪ್ಪ ದಾರದಲ್ಲಿ ಹೆಣೆದ ಸ್ವೆಟರಿಗೆ ಬೆಳ್ಳಿಬಣ್ಣ ಹೊಡೆದರೆ ಹತ್ತು ಮಾರು ದೂರಕ್ಕೆ ಅದು ಉಕ್ಕಿನ ಸರಪಳಿ ಅಂಗಿ. ಆಮೇಲೆ ಅದನ್ನೆಲ್ಲ ಹಳತು ಮಾಡಬೇಕು. ಚಹಾದ ಗಸಿ, ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆಯ ನೀರಲ್ಲಿ ಕುದಿಸಿ, ಕ್ಯಾರೆಟ್ ತುರಿಯುವ ಮಣೆಯಿಂದ ಅಂಚು ಉಜ್ಜಿ, ಮಣ್ಣಲ್ಲಿ ಹೊರಳಾಡಿಸಿ, ಮಹಡಿಯ ಬಿಸಿಲಿಗೆ ಹಾಕಬೇಕು. ಎರಡು ಸಾವಿರ ವರ್ಷದಲ್ಲಿ ಆಗಬೇಕಾದ್ದು ಎರಡು ದಿನದಲ್ಲಿ ಆಗಬೇಕು.

ಇಜ್ಜಾಳಿಗೆ ಬಟ್ಟೆ ಬರೀ ಬಟ್ಟೆಯಾಗಿ ಕಾಣುವುದಿಲ್ಲ. ಇದು ಗುಣವೋ ರೋಗವೋ, ಯಾರು ಹೇಳಬೇಕು. ಕೋಟಿನ ಮೊಣಕೈ ಸವೆದಿದ್ದರೆ ಸಾಕು, ಅದನ್ನು ತೊಟ್ಟವನು ಯಾವುದೋ ಮಂಜಿನ ಊರಲ್ಲಿ ಕಿಟಕಿಗೆ ಮೊಣಕೈಯೂರಿ ಯಾರಿಗೋ ಕಾಯುತ್ತಿರುವುದು ಅವಳಿಗೆ ಕಾಣುತ್ತದೆ. ಬೆಡ್‌ಶೀಟಿನ ನಡುವೆ ಎರಡು ಕಡೆ ತೆಳುವಾಗಿದ್ದರೆ ಗಂಡ ಹೆಂಡತಿ ಮುಖ ತಿರುಗಿಸಿ ಮಲಗುತ್ತಿದ್ದರು ಅನ್ನುತ್ತಾಳೆ. ಒಂದೇ ಕಡೆ ತೆಳುವಾಗಿದ್ದರೆ ಏನೂ ಅನ್ನುವುದಿಲ್ಲ, ಮಡಿಸಿ ಪಕ್ಕಕ್ಕಿಡುತ್ತಾಳೆ. ಕತ್ತರಿ ಹಿಡಿದು ಕೂತಳೆಂದರೆ ಅವಳು ಈ ಲೋಕದವಳಲ್ಲ. ಒಲೆಯ ಮೇಲಿನ ಸಾರು ತಳ ಹತ್ತಿ ಬೀದಿಗೆಲ್ಲ ನಾತ ಬಡಿದರೂ ಅವಳ ಮೂಗಿಗೆ ಮಾತ್ರ ಬಡಿಯುವುದಿಲ್ಲ. “ನಮ್ಮ ಸೊಸೆ ದೇಶ ಸುತ್ತೋಕೆ ಹೋದ್ಲು, ಬಂದ್ಮೇಲೆ ಊಟ ಮಾಡೋಣ” ಎಂದು ಅತ್ತೆ ಲಲ್ಲಾ ತೂದಾ ತಾನೇ ಎದ್ದು ಒಲೆ ಆರಿಸುತ್ತಾಳೆ.

ಮನೆಯಲ್ಲಿ ಇರುವುದು ಇವರಿಬ್ಬರೇ. ಇಜ್ಜಾಳ ಗಂಡ, ಎಂದರೆ ಲಲ್ಲಾಳ ಒಬ್ಬನೇ ಮಗ ಫಸ್ಕಾ, ಲಾರಿ ಓಡಿಸುತ್ತಿದ್ದ. ನಾಲ್ಕು ವರ್ಷದ ಕೆಳಗೆ ಹಿಮ ಬಿದ್ದ ತಿಶ್ಕಾ ಘಾಟಿಯ ತಿರುವಿನಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ಲಲ್ಲಾಳ ಮಗಳು ಅಗಾದಿರಿನಲ್ಲಿ ಒಳ್ಳೆಯ ಮನೆ ಮಾಡಿಕೊಂಡಿದ್ದಳು, ಹಬ್ಬಹಬ್ಬಕ್ಕೂ ಬಂದು ತಾಯಿಯನ್ನು ಕರೆಯುತ್ತಿದ್ದಳು. ಮಗನೇ ಇಲ್ಲದ ಮೇಲೆ ಸೊಸೆಯ ಮನೆಯಲ್ಲಿ ಮುದುಕಿಗೇನು ಕೆಲಸ ಎಂದು ಬೀದಿಯ ಹೆಂಗಸರು ಬಾಯಿ ಬಿಟ್ಟೇ ಆಡಿಕೊಂಡರು. ಲಲ್ಲಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: “ಅಗಾದಿರಲ್ಲಿ ಸಮುದ್ರದ ಗಾಳಿ, ನನ್ನ ಮಂಡಿಗೆ ಆಗಲ್ಲ.” ಅವಳ ಮಂಡಿ ವರ್ಜಾಜಾತಿನಲ್ಲೂ ನೋಯುತ್ತಿತ್ತು ಅನ್ನುವುದು ಬೇರೆ ಮಾತು.

ಫಸ್ಕಾ ಸಾಯುವ ಮೊದಲು ಎರಡು ವರ್ಷ ಜೆದ್ದಾದಲ್ಲಿ ಡ್ರೈವರ್ ಆಗಿದ್ದ. ವಾಪಸು ಬರುವಾಗ ಹೆಂಡತಿಗೆ ಹೊಲಿಗೆ ಮಿಷನ್ನು ತಂದ, ತಾಯಿಗೆ ಒಂದು ಬಿಳೀ ಹತ್ತಿಯ ಬಟ್ಟೆ. ಕಫನಿನ ಬಟ್ಟೆ, ಸತ್ತ ಮೇಲೆ ಮೈಗೆ ಸುತ್ತುವಂಥದ್ದು. ಮಕ್ಕಾಕ್ಕೆ ಹೋಗಿ ಜಮ್‌ಜಮ್ ಬಾವಿಯ ಪವಿತ್ರ ನೀರಿನಲ್ಲಿ ತನ್ನ ಕೈಯಾರೆ ಅದ್ದಿ, ಹಿಂಡಿ, ಒಣಗಿಸಿ ತಂದಿದ್ದ. ನಮ್ಮ ಕಡೆ ವಯಸ್ಸಾದವರಿಗೆ ಮಕ್ಕಳು ತರಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮಣ್ಣಿಗೆ ಹೋಗುವಾಗ ಆ ನೀರು ಮೈಗಂಟಿಕೊಂಡು ಬರುತ್ತದೆ ಅನ್ನುವುದು ಒಂದು ಸಮಾಧಾನ. ಲಲ್ಲಾ ಅದನ್ನು ಲವಂಗ, ಒಣಗಿದ ಗುಲಾಬಿ ಮೊಗ್ಗು ಹಾಕಿ ಪೆಟ್ಟಿಗೆಯಲ್ಲಿಟ್ಟಳು. ವರ್ಷಕ್ಕೊಂದು ಸಲ, ಶಾಬಾನ್ ತಿಂಗಳ ಒಂದು ಗುರುವಾರ, ಮಹಡಿಗೆ ಒಯ್ದು ಗಾಳಿಗೆ ಹರವಿ, ಸಂಜೆ ಮಡಿಸಿ ಮತ್ತೆ ಒಳಗಿಡುತ್ತಿದ್ದಳು. ತಂದುಕೊಟ್ಟವನು ತಾಯಿಗಿಂತ ಮುಂಚೆ ಹೋದ. ಅವನಿಗೆ ಸುತ್ತಿದ್ದು ಪೇಟೆಯಲ್ಲಿ ಅವಸರಕ್ಕೆ ಕೊಂಡ ಬಟ್ಟೆ. ಆಮೇಲೆ ಆ ಪೆಟ್ಟಿಗೆ ತೆರೆದಾಗಲೆಲ್ಲ ಇಜ್ಜಾ ಏನಾದರೂ ನೆವ ಹೇಳಿ ಬೇರೆ ಕೋಣೆಗೆ ಹೋಗುತ್ತಿದ್ದಳು.

ಆ ವರ್ಷ ಶಾಬಾನ್ ತಿಂಗಳಲ್ಲೇ ಒಂದು ಸಿನಿಮಾ ಬಂತು. ಬಟ್ಟೆಬರೆಯ ಉಸ್ತುವಾರಿ ಮದಾಮ್ ನಿವೆಸ್ ಎಂಬ ಇಟಲಿಯ ಹೆಂಗಸಿನದು. ಕತ್ತಿಗೆ ಅಳತೆಪಟ್ಟಿ, ಬಾಯಿಯಲ್ಲಿ ಗುಂಡುಸೂಜಿ, ಸೂಜಿ ತೆಗೆಯದೆಯೇ ಬಯ್ಯಬಲ್ಲವಳು. ಅವಳು ಬುಧವಾರ ಇಜ್ಜಾಳನ್ನು ಕರೆದು ಹೇಳಿದಳು: “ಸತ್ತ ವ್ಯಾಪಾರಿಯೊಬ್ಬ ಗೋರಿಯಿಂದ ಎದ್ದು ಬರ್ತಾನೆ. ಅವನ ಮೈಗೆಲ್ಲ ಸುತ್ತೋಕೆ ಪಟ್ಟಿ ಬೇಕು, ತಲೆಯಿಂದ ಪಾದದವರೆಗೆ. ನೋಡಿದವರಿಗೆ ಅಂಗಡಿ ನೆನಪಾಗಬಾರದು, ಮಣ್ಣು ನೆನಪಾಗಬೇಕು. ಶನಿವಾರ ಬೆಳಿಗ್ಗೆ.”

ಇಜ್ಜಾ ಅಂದೇ ಜಿಲಾಲಿಯ ಮನೆಗೆ ಹೋಗಿ ಹದಿನೆಂಟು ಬಿಳೀ ಬೆಡ್‌ಶೀಟು ತಂದಳು. ಗುರುವಾರ ನಸುಕಿಗೇ ಎದ್ದು ಒಗೆದು ಮಹಡಿಯ ತುಂಬ ಹರವಿದಳು. ಮಹಡಿಯಲ್ಲಿ ಮೂರು ಹಗ್ಗ. ಎರಡು ಸಿನಿಮಾದ ಬಟ್ಟೆಗೆ, ಮೂರನೆಯದು ಮನೆಯ ಬಟ್ಟೆಗೆ ಎಂದು ಲಲ್ಲಾ ಕಾನೂನು ಮಾಡಿದ್ದಳು. ಆದರೆ ಹದಿನೆಂಟು ಬೆಡ್‌ಶೀಟು ಎರಡು ಹಗ್ಗಕ್ಕೆ ಎಲ್ಲಿ ಸಾಕು. ಉಳಿದ ನಾಲ್ಕು ಮೂರನೆಯ ಹಗ್ಗಕ್ಕೂ ಏರಿದವು. ಬಿಸಿಲೇರಿದ ಮೇಲೆ ಲಲ್ಲಾ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ತನ್ನ ಬಟ್ಟೆಯನ್ನು ಅದೇ ಹಗ್ಗದ ತುದಿಯಲ್ಲಿ ಹರವಿ ಹೋದಳು. ಇಜ್ಜಾ ಆಗ ಕೆಳಗೆ ಅಂಗಳದಲ್ಲಿ ಚಹಾದ ಹಂಡೆ ಕುದಿಸುತ್ತಿದ್ದಳು.

ಮಧ್ಯಾಹ್ನ ಅವಳು ಮಹಡಿಗೆ ಬಂದಾಗ ದಕ್ಷಿಣದ ಗಾಳಿ ಎದ್ದಿತ್ತು. ಹಗ್ಗಗಳ ಮೇಲೆ ಬಿಳಿ ಬಟ್ಟೆಗಳೆಲ್ಲ ಉಬ್ಬಿ, ತಗ್ಗಿ, ಮತ್ತೆ ಉಬ್ಬುತ್ತಿದ್ದವು. ಅವುಗಳ ನಡುವೆ ನಿಂತರೆ ಆಕಾಶವೂ ಇಲ್ಲ, ಊರೂ ಇಲ್ಲ, ಬರೀ ಬೆಳಕು. ಒಂದು ಬಟ್ಟೆ ಬಂದು ಕೆನ್ನೆ ಸವರಿ ಹೋಗುತ್ತಿತ್ತು, ಇನ್ನೊಂದು ಹಿಂದಿನಿಂದ ಹೆಗಲಿಗೆ ಬೀಳುತ್ತಿತ್ತು. ಇಜ್ಜಾ ಚಾಪೆ ಹಾಸಿ ಕೂತು ಒಂದೊಂದನ್ನೇ ಎಳೆದುಕೊಂಡು ಅಂಚಿನ ಹೊಲಿಗೆ ಬಿಚ್ಚಿ, ಹಲ್ಲಿನಿಂದ ಕಚ್ಚಿ, ಉದ್ದಕ್ಕೆ ಸರ್ರನೆ ಹರಿಯತೊಡಗಿದಳು. ಬಟ್ಟೆ ಹರಿಯುವ ಸದ್ದು ಅವಳಿಗೆ ಇಷ್ಟ. ಒಂದು ಬೆಡ್‌ಶೀಟು ಯಾವುದೋ ಆಸ್ಪತ್ರೆಯದು, ಮೂಲೆಯಲ್ಲಿ ನೀಲಿ ಮುದ್ರೆ ಇತ್ತು. ಅದನ್ನು ಹರಿಯುವಾಗ ಉದ್ದನೆಯ ಓಣಿಯಲ್ಲಿ ಬಿಳಿ ಟೋಪಿಯ ನರ್ಸೊಬ್ಬಳು ದೀಪ ಹಿಡಿದು ನಡೆಯುವುದು ಕಂಡಿತು. ಮುಂದಿನದು ಕಡಲತೀರದ ಹೋಟೆಲಿನದು. ಅದರ ಹಿಂದೆ ನೀರಿನ ಸದ್ದಿತ್ತು. ಅದರ ಮುಂದಿನದು ಯಾರದೆಂದು ಹೊಳೆಯಲಿಲ್ಲ. ಅದಕ್ಕೆ ಅಂಚೇ ಹೊಲಿದಿರಲಿಲ್ಲ. ಬಿಚ್ಚುವ ಕೆಲಸ ಉಳಿಯಿತು ಎಂದು ಖುಷಿಯಾಗಿ ಹರಿದಳು. ಬಲು ಮೆತ್ತಗೆ, ಹೇಳಿದ ಮಾತು ಕೇಳುವ ಬಟ್ಟೆ. ಅದನ್ನು ಹರಿಯುವಾಗ ಯಾರ ಮುಖವೂ ಕಾಣಲಿಲ್ಲ. ಬರೀ ಬೆಚ್ಚಗಿನ ಗಾಳಿ, ಯಾರೋ ಹತ್ತಿರದಲ್ಲೇ ಕೂತ ಹಾಗೆ ಒಂದು ನೆಮ್ಮದಿ.

ಸಂಜೆ ಪಟ್ಟಿಗಳೆಲ್ಲ ಚಹಾದ ಹಂಡೆಗೆ ಇಳಿದವು. ಒಳಗಿನಿಂದ ಲಲ್ಲಾಳ ಪೆಟ್ಟಿಗೆಯ ಮುಚ್ಚಳ ಧಡ್ ಎಂದು ಮುಚ್ಚಿಕೊಂಡ ಸದ್ದು ಕೇಳಿತು. ಇಜ್ಜಾ ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಗಾರೆಯ ಗೋರಿಯ ಹಿಂದೆ ಬಟ್ಟೆ ತೊಡಿಸುವ ಡೇರೆಯಲ್ಲಿ ಜಿಲಾಲಿ ಬರೀ ಚಡ್ಡಿಯಲ್ಲಿ ನಿಂತಿದ್ದ. ಸತ್ತ ವ್ಯಾಪಾರಿ ಅವನೇ. ಸಂತೆಯಲ್ಲಿ ಹಳೇ ಬಟ್ಟೆ ಮಾರುವುದು ಅವನ ಭಾನುವಾರದ ಕೆಲಸ. ಉಳಿದ ಆರು ದಿನ ಅವನು ಸಿನಿಮಾಗಳಲ್ಲಿ ಸಾಯುತ್ತಾನೆ. ಮೂಳೆ ಎದ್ದು ಕಾಣುವ ಮೈ, ಒಳಗೆ ಹೋದ ಕೆನ್ನೆ, ಹಾಗಾಗಿ ಊರಲ್ಲಿ ಅವನಷ್ಟು ಬೇಡಿಕೆಯ ಹೆಣ ಇನ್ನೊಂದಿಲ್ಲ.

“ನಲವತ್ತು ಸಿನಿಮಾದಲ್ಲಿ ಸತ್ತಿದೀನಿ ಇಜ್ಜಾ,” ಎಂದ. “ಬಾಣ ಹೊಡೆಸ್ಕೊಂಡು, ವಿಷ ಕುಡ್ಕೊಂಡು, ಆನೆ ಕಾಲಿಗೆ ಸಿಕ್ಕಿ. ಎದ್ದೇಳೋದು ಇದೇ ಮೊದಲ್ನೇ ಸಲ. ಹೆಂಗೆ ಏಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ.”

“ದಿನಾ ಬೆಳಿಗ್ಗೆ ಹೆಂಗೆ ಏಳ್ತೀಯೋ ಹಂಗೆ.”

“ದಿನಾ ಬೆಳಿಗ್ಗೆ ಹೆಂಡ್ತಿ ಒದೀತಾಳೆ. ಇಲ್ಲಿ ಯಾರು ಒದೀತಾರೆ?”

ಇಜ್ಜಾ ನಗುತ್ತ ಪಾದದಿಂದ ಸುತ್ತತೊಡಗಿದಳು. ಕಾಲು, ತೊಡೆ, ಹೊಟ್ಟೆ. ಎದೆಗೆ ಬರುವಾಗ ಜಿಲಾಲಿ ಮೂಗರಳಿಸಿದ. “ಇದು ನನ್ನ ಮೂಟೇದಲ್ಲ ಕಣಮ್ಮ. ನನ್ನ ಮೂಟೆ ಹಡಗಿನ ನಾತ ಹೊಡಿಯತ್ತೆ, ನುಸಿಗುಳಿಗೆ ನಾತ. ಇದು ನೋಡು, ಹಬ್ಬದ ಮನೆ ಹಂಗಿದೆ.”

ಇಜ್ಜಾ ಬಾಗಿ ಮೂಸಿದಳು. ಚಹಾದ ಒಗರಿನ ಅಡಿಯಿಂದ ಲವಂಗ ಮೇಲೆ ಬಂತು. ಅದರ ಹಿಂದೆ ಗುಲಾಬಿ. ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಸೂಜಿ ಚುಚ್ಚಿದ ಒಂದು ತೂತೂ ಇಲ್ಲ. ಸಮುದ್ರದಾಚೆಯಿಂದ ಬಂದ ಯಾವ ಬೆಡ್‌ಶೀಟಿಗೂ ಅಂಚು ಹೊಲಿಯದೆ ಬಿಟ್ಟಿರುವುದಿಲ್ಲ. ಹೊಲಿಗೆ ಹಾಕದೆ ಇಡುವ ಬಟ್ಟೆ ನಮ್ಮಲ್ಲಿ ಒಂದೇ. ಅವಳು ಡೇರೆಯ ಕಂಬ ಹಿಡಿದುಕೊಂಡಳು.

“ಏನಾಯ್ತು? ದೆವ್ವ ಕಂಡ್ಯಾ?”

“ಬಿಚ್ಚು,” ಎಂದಳು ಇಜ್ಜಾ. “ಜಿಲಾಲಿ, ಬಿಚ್ಚು ಇದನ್ನ. ಇದು ಲಲ್ಲಾದು.”

ಜಿಲಾಲಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ನಿಜವಾಗಿಯೇ ಹೆಣದ ಹಾಗಾಯಿತು. ಅಷ್ಟರಲ್ಲಿ ಮದಾಮ್ ನಿವೆಸ್ ಪರದೆ ಸರಿಸಿ ಬಂದು, ನೋಡಿ, ಜೀವನದಲ್ಲಿ ಮೊದಲ ಸಲ ಬಾಯಿಂದ ಸೂಜಿ ತೆಗೆದು ಮೆಚ್ಚಿದಳು: “ಇದೇ. ಇದೇ ಬೇಕಾಗಿತ್ತು. ಈ ಎದೆಯ ಮೇಲಿನದು ಬೇರೆ ಥರಾನೇ ಬೀಳ್ತಿದೆ, ನೋಡು.” ಅವಳು ಜಿಲಾಲಿಯನ್ನು ತೋಳು ಹಿಡಿದು ಬಿಸಿಲಿಗೆ ನಡೆಸಿಕೊಂಡು ಹೋದಳು. ತಲೆಗೆ ಸುತ್ತಬೇಕಿದ್ದ ಪಟ್ಟಿಗಳನ್ನು ಹಿಡಿದು ಇಜ್ಜಾ ಅವರ ಹಿಂದೆಯೇ ನಡೆದಳು.

ಗೋರಿಯ ಬಾಯಿಗೆ ಇಟ್ಟ ಕಲ್ಲು ಥರ್ಮೋಕೋಲಿನದು, ಒಬ್ಬನೇ ಬೆರಳಲ್ಲಿ ತಳ್ಳಬಹುದಿತ್ತು. ನಾಲ್ಕು ಜನ ಏದುಸಿರು ಬಿಡುತ್ತ ತಳ್ಳಿದರು. ಒಳಗಿನ ಕತ್ತಲಿಂದ ಜಿಲಾಲಿ ಎದ್ದು ಬಂದ. ಸರಿಯಾಗಲಿಲ್ಲ ಎಂದರು. ಹೋಗಿ ಮಲಗಿದ, ಮತ್ತೆ ಎದ್ದು ಬಂದ. ಬೆಳಕು ಸಾಲದು ಎಂದರು. ಮತ್ತೆ ಸತ್ತ, ಮತ್ತೆ ಎದ್ದ. ಇಜ್ಜಾ ರೋಮಿನ ಗೋಡೆಗೆ ಒರಗಿ ಕೂತು ನೋಡುತ್ತಲೇ ಇದ್ದಳು. ಬಿಸಿಲು ನೆತ್ತಿಗೆ ಬಂತು, ಧೂಳು ಎಬ್ಬಿಸುವ ಫ್ಯಾನು ತಿರುಗತೊಡಗಿತು. ಏಳನೆಯ ಸಲವೋ ಎಂಟನೆಯ ಸಲವೋ ಧೂಳಿನ ತೆರೆಯ ಹಿಂದಿನಿಂದ ಬಟ್ಟೆ ಸುತ್ತಿಕೊಂಡ ಆ ಉದ್ದನೆಯ ಆಕಾರ ಗೋರಿಯ ಹೊಸ್ತಿಲಿಗೆ ಬಂದು, ಬೆಳಕು ತಾಳಲಾರದೆ ಕೈ ಅಡ್ಡ ಹಿಡಿದು ನಿಂತಿತು. ಫಸ್ಕಾ ಲಾರಿಯಿಂದ ಇಳಿದು ಮನೆಯ ಕಡೆ ನೋಡುವಾಗ ಹಾಗೇ ಕೈ ಅಡ್ಡ ಹಿಡಿಯುತ್ತಿದ್ದ. ಅವನು ಒಂದು ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಇಷ್ಟು ತಡವಾಯಿತಲ್ಲ, ಊಟ ಆರಿಹೋಯಿತು ಎಂದು ಹೇಳಲು ಇಜ್ಜಾ ಎದ್ದು ನಿಂತಳು. ನಿಂತ ಮೇಲೆ “ಕಟ್” ಎಂದರು. ಜಿಲಾಲಿ ಮೂಗೊಳಗೆ ಧೂಳು ಹೋಗಿ ಸೀನತೊಡಗಿದ.

ಅವಳು ಮದಾಮಳ ಹತ್ತಿರ ಹೋಗಿ, ಆ ಪಟ್ಟಿಗಳನ್ನು ವಾಪಸು ಕೊಡಿ ಎಂದು ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿದಳು. ಮದಾಮ್ ಕಲ್ಲೆದೆಯವಳೇನಲ್ಲ, ಪೂರ್ತಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡಳು. ಆದರೆ ಎದ್ದು ಬಂದ ವ್ಯಾಪಾರಿ ಸೋಮವಾರ ಪೇಟೆಬೀದಿಯಲ್ಲಿ ನಡೆಯಬೇಕಿತ್ತು, ಅದೇ ಪಟ್ಟಿ, ಅದೇ ಸುತ್ತು, ಅದೇ ಕಲೆ ಇರಬೇಕು. “ಸೋಮವಾರ ಮುಗಿದ ಮೇಲೂ ಅದು ಕಂಪನಿ ಸ್ವತ್ತು ಇಜ್ಜಾ. ಎಣಿಸಿ ಪೆಟ್ಟಿಗೇಲಿ ಹಾಕಿ ಕಳಿಸ್ಬೇಕು. ನಾನೇನು ಮಾಡ್ಲಿ?”

ಇನ್ನು ಮನೆಗೆ ಹೋಗುವುದು ಹೇಗೆ. ದಾರಿಯುದ್ದಕ್ಕೂ ಇಜ್ಜಾ ಅದನ್ನೇ ಯೋಚಿಸಿದಳು. ಪೆಟ್ಟಿಗೆಯ ಮುಚ್ಚಳದ ಸದ್ದು ತಾನೇ ಕೇಳಿದ್ದೆನಲ್ಲ. ಮುದುಕಿ ಕಣ್ಣು ಮಂಜಾಗಿ ಹಗ್ಗದಿಂದ ಬೇರೆ ಯಾವುದೋ ಬೆಡ್‌ಶೀಟು ಎಳೆದು ಮಡಿಸಿಟ್ಟಿರಬೇಕು. ತೆರೆದ ದಿನ ಗೊತ್ತಾಗುತ್ತದೆ. ಗೊತ್ತಾದ ದಿನ ಲಲ್ಲಾ ಬಯ್ಯುವುದಿಲ್ಲ, ಅದೇ ಭಯ. ಸುಮ್ಮನೆ ಗಂಟು ಕಟ್ಟಿ ಅಗಾದಿರಿನ ಬಸ್ಸು ಹತ್ತುತ್ತಾಳೆ. ಹತ್ತಿದರೆ ತಪ್ಪೇನು. ಮಗ ಬಿಟ್ಟುಹೋದದ್ದು ಅವಳಿಗೆ ಅದೊಂದೇ ಬಟ್ಟೆ, ಅದನ್ನೂ ಸೊಸೆ ಹರಿದು ಹಳೇ ಬಟ್ಟೆ ಮಾರುವವನ ಮೈಗೆ ಸುತ್ತಿದಳು. ಲಲ್ಲಾ ಹೋದರೆ ಆ ಮನೆಯಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯುವುದಿಲ್ಲ. ಈ ಮಾತು ಮನಸ್ಸಿಗೆ ಬಂದಾಗ ಇಜ್ಜಾ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಳು.

ಲಲ್ಲಾ ಬಾರ್ಲಿ ರೊಟ್ಟಿ ತಟ್ಟುತ್ತಿದ್ದಳು. “ಬಂದ್ಯಾ. ಜಿಲಾಲಿ ಚೆನ್ನಾಗಿ ಎದ್ನಾ?”

“ಎದ್ದ ಲಲ್ಲಾ.”

“ಎಷ್ಟು ಸಲ?”

“ಒಂಬತ್ತು.”

“ಸೋಮಾರಿ. ನಮ್ಮ ಕಾಲದಲ್ಲಿ ನಾನು ಒಂದೇ ಹಗಲಲ್ಲಿ ಮೂರು ರಾಜರಿಗೆ ಅತ್ತಿದೀನಿ. ಮೂರು ಸಲಾನೂ ನಿಜವಾದ ಕಣ್ಣೀರು, ಈರುಳ್ಳಿ ಗೀರುಳ್ಳಿ ಏನಿಲ್ಲ.” ಲಲ್ಲಾ ವಯಸ್ಸಿದ್ದಾಗ ಸಿನಿಮಾಗಳಲ್ಲಿ ಎದೆ ಬಡಿದುಕೊಂಡು ಅಳುವ ಹೆಂಗಸಾಗಿ ಹೆಸರು ಮಾಡಿದ್ದವಳು. ಫಸ್ಕಾ ಹೋದಾಗ ಮಾತ್ರ ಯಾರೂ ಅವಳ ಕಣ್ಣಲ್ಲಿ ನೀರು ನೋಡಲಿಲ್ಲ. “ಯಾಕೆ ಮುಖ ಹಿಂಗೆ ಬಾಡಿದೆ? ರೊಟ್ಟಿ ತಿನ್ನು.”

ಇಜ್ಜಾ ತುತ್ತು ಬಾಯಿಗಿಟ್ಟಳು. ಇವತ್ತೇ ಹೇಳಿಬಿಡೋಣ ಅಂದುಕೊಂಡಳು, ಬಟ್ಟೆ ಕೈಗೆ ಬಂದ ಮೇಲೆ ಹೇಳೋಣ ಅಂದುಕೊಂಡಳು. ಭಾನುವಾರವೆಲ್ಲ ಹೀಗೇ ಕಳೆಯಿತು. ಪೆಟ್ಟಿಗೆ ಇದ್ದ ಮೂಲೆಯ ಕಡೆ ಲಲ್ಲಾ ನಡೆದರೆ ಇಜ್ಜಾ ಕೈಯ ಕೆಲಸ ಬಿಟ್ಟು ಏಳುತ್ತಿದ್ದಳು. ಲಲ್ಲಾ ಅಲ್ಲಿಂದ ಕೋಲು ತೆಗೆದುಕೊಂಡು ಬರುತ್ತಿದ್ದಳು, ಅಷ್ಟೇ. ಮಧ್ಯೆ ಒಂದೆರಡು ಸಲ ಸೊಸೆಯನ್ನೇ ನೋಡುತ್ತ ಏನೋ ಹೇಳುವವಳಂತೆ ತುಟಿ ಅಲ್ಲಾಡಿಸಿದಳು. ಆಮೇಲೆ ಚಹಾಕ್ಕೆ ಸಕ್ಕರೆ ಸಾಲದು ಎಂದಳು.

ಸೋಮವಾರ ಇಳಿಹೊತ್ತಿಗೆ ಜಿಲಾಲಿ ಬಂದ. ಬಿರುಬಿಸಿಲಿನ ದಿನವೂ ಉಣ್ಣೆಯ ದಪ್ಪ ಜೆಲ್ಲಾಬಾ ನಿಲುವಂಗಿ ತೊಟ್ಟು, ಅದರ ಟೋಪಿ ಮೂಗಿನ ತನಕ ಎಳೆದುಕೊಂಡು, ಗೊಂಬೆಯ ಹಾಗೆ ಸೊಂಟ ಬಗ್ಗಿಸದೆ ನಡೆದು ಬಂದ. ಜೆಲ್ಲಾಬಾದ ಅಡಿಯಿಂದ ಒಂದು ಪಟ್ಟಿ ಹೊರಬಿದ್ದು ಬೀದಿಯುದ್ದಕ್ಕೂ ಎಳೆದುಕೊಂಡು ಬರುತ್ತಿತ್ತು, ಹಿಂದೆ ಎರಡು ಬೆಕ್ಕು. ಇಜ್ಜಾ ಅವನನ್ನು ಹಿತ್ತಲ ಬಾಗಿಲಿಂದ ಅಂಗಳಕ್ಕೆ ಎಳೆದುಕೊಂಡಳು.

“ಕಾವಲಿನವನು ತಡೆದ,” ಎಂದ ಜಿಲಾಲಿ, ಬೆವರು ಸುರಿಸುತ್ತ. “ಯಾಕೋ ಹಿಂಗೆ ನಡೀತೀಯ ಅಂದ. ಮೂರು ದಿನ ಸತ್ತಿದ್ದೆ, ಕೀಲು ಹಿಡ್ಕೊಂಡಿದೆ ಅಂದೆ.”

“ಮದಾಮ್ ಪೆಟ್ಟಿಗೇಲಿ ಎಣಿಸಲ್ವಾ?”

“ಮದಾಮೇ ಹೇಳಿದ್ದು. ಎದೇದು ಹನ್ನೊಂದು ಪಟ್ಟಿ ಮೈಮೇಲೇ ಇರ್ಲಿ, ಮನೇಗೆ ಹೋಗಿ ಬಿಚ್ಚು, ಎಣಿಸೋಳು ನಾನೇ, ನಂಗೆ ಲೆಕ್ಕ ಬರಲ್ಲ ಅಂದ್ಲು. ಆ ಕಡೆ ತಿರುಗು, ಬಿಚ್ತೀನಿ.”

ಅವನು ಹೋದ ಮೇಲೆ ಇಜ್ಜಾ ಅಂಗಳದಲ್ಲಿ ಕೂತು ಹನ್ನೊಂದು ಪಟ್ಟಿಗಳನ್ನೂ ಸಾಬೂನು ಹಾಕಿ ಒಗೆದಳು. ಚಹಾದ ಬಣ್ಣ ಹೋಗಲಿಲ್ಲ. ಅವಳೇ ದಾಳಿಂಬೆ ಸಿಪ್ಪೆ ಹಾಕಿ ಗಟ್ಟಿ ಮಾಡಿದ ಬಣ್ಣ, ಹೋಗುವುದೆಲ್ಲಿ. ಇಪ್ಪತ್ತು ವರ್ಷ ಕಲಿತ ವಿದ್ಯೆಯೆಲ್ಲ ಆ ಹೊತ್ತು ಅವಳಿಗೇ ತಿರುಗಿ ನಿಂತಿತು. ಮೂರು ಸಲ ಒಗೆದಳು, ಕೈ ಕೆಂಪಾಯಿತು, ಬಟ್ಟೆ ಹಾಗೇ ಮಣ್ಣಿನ ಬಣ್ಣದಲ್ಲಿ ಉಳಿಯಿತು. ಹಿಂಡಿ, ಒದ್ದೆಯದನ್ನೇ ಎರಡು ಕೈಯಲ್ಲಿ ಹೊತ್ತುಕೊಂಡು ಒಳಗೆ ಬಂದು ಲಲ್ಲಾಳ ಮುಂದೆ ಚಾಪೆಯ ಮೇಲಿಟ್ಟಳು.

“ಲಲ್ಲಾ, ಇದು ನಿಮ್ಮದು,” ಎಂದಳು. “ಫಸ್ಕಾ ತಂದಿದ್ದು. ನಾನು ಹರಿದು ಹಾಕ್ದೆ. ನೋಡ್ಲಿಲ್ಲ ನಾನು. ನಿಮ್ಮ ಪೆಟ್ಟಿಗೇಲಿರೋದು ಯಾವುದೋ ಬೆಡ್‌ಶೀಟು.”

ಲಲ್ಲಾ ಒಂದೊಂದೇ ಪಟ್ಟಿ ಎತ್ತಿ ನೋಡಿದಳು. ಒಂದನ್ನು ಮೂಗಿಗೆ ಹಿಡಿದಳು. “ಪೆಟ್ಟಿಗೇಲಿ ಬೆಡ್‌ಶೀಟೂ ಇಲ್ಲ, ಏನೂ ಇಲ್ಲ,” ಎಂದಳು. “ಖಾಲಿ ಪೆಟ್ಟಿಗೆ ಮುಚ್ಚಿದೆ, ಸದ್ದು ಕೇಳಿ ನೀನು ಬಟ್ಟೆ ಒಳಗಿದೆ ಅಂದ್ಕೊಳ್ಲಿ ಅಂತ.”

ಇಜ್ಜಾಳಿಗೆ ಅರ್ಥವಾಗಲಿಲ್ಲ.

“ನೀನು ಹರಿಯೋವಾಗ ನಾನು ಮೆಟ್ಟಿಲ ಮೇಲೇ ಇದ್ದೆ ಕಣೆ. ಬಟ್ಟೆ ತಿರುವಿ ಹಾಕೋಣ ಅಂತ ಬಂದೆ. ನೀನು ಕೈ ಚಾಚಿ ಅದನ್ನೇ ಎಳ್ಕೊಂಡೆ.”

“ನೋಡಿದ್ರಾ?” ಇಜ್ಜಾ ತಲೆಯೆತ್ತಿದಳು. “ನೋಡ್ಕೊಂಡು ಸುಮ್ನಿದ್ರಾ? ಒಂದು ಮಾತು ಕೂಗಬಾರ್ದಿತ್ತಾ ಲಲ್ಲಾ?”

“ಕೂಗೋಕೆ ಬಾಯಿ ತೆಗೆದೆ.” ಲಲ್ಲಾ ಪಟ್ಟಿಯನ್ನು ಮಂಡಿಯ ಮೇಲೆ ಹರವಿ ಅಂಗೈಯಿಂದ ನೀವಿದಳು. “ನೀನು ಹಾಡ್ತಿದ್ದೆ. ಹಾಡು ಅಂದ್ರೆ ಹಾಡಲ್ಲ, ಮೂಗಲ್ಲೇ ಗುನುಗ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ಮನೆ ತುಂಬ ಗುನುಗ್ಕೊಂಡು ಓಡಾಡ್ತಿದ್ದೆ, ನಾನು ಬಯ್ತಿದ್ದೆ, ತಲೆನೋವು ಅಂತ. ಅವನು ಹೋದ್ಮೇಲೆ ನಿಂತ್ಹೋಯ್ತು. ನಾಲ್ಕು ವರ್ಷ ಕಾದಿದೀನಿ ನಾನು. ಬಟ್ಟೆ ಬಿಡು ಅಂತ ಕೂಗಿದ್ರೆ ನೀನು ಅದನ್ನೂ ನಿಲ್ಲಿಸ್ತಿದ್ದೆ, ಮತ್ತೆ ಶುರು ಮಾಡೋಕೆ ಇನ್ನು ನಾಲ್ಕು ವರ್ಷ. ಅಷ್ಟು ವರ್ಷ ಕಾಯೋ ಹಾಗಿದೀನಾ ನಾನು?”

ಹೊರಗೆ ಯಾರೋ ಕತ್ತೆಯನ್ನು ಬಯ್ಯುತ್ತ ಹೋದರು. ತಾನು ಗುನುಗಿದ್ದೇ ಇಜ್ಜಾಳಿಗೆ ಗೊತ್ತಿರಲಿಲ್ಲ.

“ಆದ್ರೂ ಅದು ನಿಮ್ಮ ಕಫನು,” ಎಂದಳು. “ಅವನು ಕೈಯಾರೆ ಅದ್ದಿ ತಂದಿದ್ದು.”

“ಅವನು ತಂದಿದ್ದೇ. ನಾನು ಸತ್ತ ಮೇಲೆ ನಂಗೆ ಯಾವುದಾದ್ರೂ ಆಗತ್ತೆ. ಬದುಕಿರೋವಾಗ ಏನೇನು ಕೇಳ್ಬೇಕು ಅಂತ ಆಸೆ ಇರತ್ತಲ್ಲ, ಅದು ಬೇರೆ.”

“ಏನು ಗುನುಗ್ತಿದ್ದೆ ನಾನು?”

“ಏನೋ. ಸುಳ್ಳು ಯಾಕೆ ಹೇಳ್ಲಿ, ರಾಗ ಒಂದಿಷ್ಟೂ ಸರಿ ಇರ್ಲಿಲ್ಲ.”

ಆಗ ಇಜ್ಜಾ ಅತ್ತಳು. ಗಂಡ ಸತ್ತ ದಿನ ಬೀದಿಯವರೆಲ್ಲ ಅಳಿಸಲು ನೋಡಿ ಸೋತಿದ್ದರು. ಈಗ ಯಾರೂ ಕೇಳದೆ, ತಡೆಯದೆ, ಹೊಟ್ಟೆಯ ಆಳದಿಂದ ಅಳು ಬಂತು. ಲಲ್ಲಾ ಅವಳ ತಲೆಯನ್ನು ಎಳೆದು ಒದ್ದೆ ಪಟ್ಟಿಗಳ ಪಕ್ಕಕ್ಕೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮೂರು ರಾಜರಿಗೆ ಅತ್ತಿದ್ದ ಆ ಹೆಂಗಸಿನ ಕಣ್ಣಿಂದಲೂ ನೀರು ಇಳಿದು ಸೊಸೆಯ ಕೂದಲಿಗೆ ಬಿತ್ತು. ಇಬ್ಬರೂ ಒಟ್ಟಿಗೆ ಅವನಿಗಾಗಿ ಅತ್ತದ್ದು ಅದೇ ಮೊದಲು.